ಕರಡು ಕರಿಬಸವಯ್ಯನವರ ಶೀತದ ಕಾಗದಗಳು

ಕರಿಬಸವಯ್ಯನವರು ಸರ್ಕಾರಿ ಕೆಲಸಕ್ಕೆ ಸೇರಿದ ಮೂರನೇ ವರ್ಷಕ್ಕೇ ಅವರ ಹೆಸರಿಗೆ ‘ಕರಡು’ ಅಂಟಿಕೊಂಡಿತು. ಕಛೇರಿಯಿಂದ ಯಾವ ಕಾಗದ ಹೊರಡಬೇಕಾದರೂ ಮೊದಲು ಯಾರಾದರೂ ಕರಡು ಬರೆಯಬೇಕಲ್ಲ? ಅದನ್ನು ಅವರಂತೆ ಬರೆಯುವವರು ಇಡೀ ಮೈಸೂರಿನಲ್ಲಿ ಇರಲಿಲ್ಲ. ಹಾಗೆಂದು ಮೊದಲು ಹೇಳಿದವರು ಯಾರೋ ತಿಳಿಯದು. ಆಮೇಲೆ ಹೇಳುತ್ತಾ ಬಂದವರು ಮಾತ್ರ ಕರಿಬಸವಯ್ಯನವರೇ.

ಅದರಲ್ಲೂ ಅರ್ಜಿ ತಿರಸ್ಕರಿಸುವ ಕಾಗದವೆಂದರೆ ಸಾಹೇಬರು ಅವರನ್ನೇ ಕರೆಸುತ್ತಿದ್ದರು. ಅವರ ತಿರಸ್ಕಾರದ ಪತ್ರ ಓದಿದ ಒಬ್ಬ ಅರ್ಜಿದಾರ, ತನಗೇನೋ ಮಂಜೂರಾಗಿದೆ ಎಂದುಕೊಂಡು ಕಛೇರಿಗೆಲ್ಲ ಮೈಸೂರು ಪಾಕು ಹಂಚಿ ಹೋಗಿದ್ದನಂತೆ.

“ಹೂಂ ಅನ್ನೋದಕ್ಕೆ ಏನ್ರೀ ಬೇಕು? ಒಂದು ರುಜು. ಇಲ್ಲ ಅನ್ನೋದಕ್ಕೆ ಮಾತ್ರ ಭಾಷೆ ಬೇಕು ಕಣ್ರೀ, ಭಾಷೆ!” ಎಂದು ಅವರು ಕಿರಿಯ ಗುಮಾಸ್ತರಿಗೆ ಪಾಠ ಹೇಳುತ್ತಿದ್ದರು. ಕಛೇರಿಯ ಮಟ್ಟಿಗೆ ಚೆನ್ನಾಗಿದ್ದ ಮಾತೇ. ಅದು ಅವರ ಜೊತೆಯಲ್ಲಿ ಮನೆಗೂ ಬಂದದ್ದು ತೊಂದರೆಯಾಯಿತು.

ಮನೆ ರಾಮಕೃಷ್ಣನಗರದಲ್ಲಿ. ಹೆಂಡತಿ ಪ್ರೇಮಲೀಲಾ, ಮದುವೆಯಾಗಿ ಒಂಬತ್ತು ವರ್ಷ ಕಾದ ಮೇಲೆ ಹುಟ್ಟಿದ ಒಬ್ಬಳೇ ಮಗಳು ಅಕ್ಷತಾ. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ಸೋಮನಾಥಪುರಕ್ಕೆ ಪ್ರವಾಸ ಹೊರಟರು. ಪೋಷಕರು ರುಜು ಹಾಕಿ ಕಳಿಸಬೇಕೆಂದು ಚೀಟಿ ಬಂತು. ಮಗು ಆ ಹೊತ್ತಿಗೆ ಎರಡು ಸಲ ಸೀನಿತ್ತು. ಕರಿಬಸವಯ್ಯನವರ ಕಣ್ಣ ಮುಂದೆ ಬಸ್ಸು, ಬಸ್ಸಿನ ಕಿಟಕಿ, ಕಿಟಕಿಯ ಗಾಳಿ, ಗಾಳಿಯ ಬೆನ್ನಿಗೆ ನ್ಯುಮೋನಿಯಾ, ಎಲ್ಲವೂ ಸಾಲುಗಟ್ಟಿ ನಿಂತವು. ಒಳಗೆ ಹೆದರಿಕೆ ನಿಜವಾಗಿಯೂ ಇತ್ತು. ಆದರೆ ಪೆನ್ನು ಕೈಗೆ ಬಂದಮೇಲೆ ಹೆದರಿಕೆ ಹಿಂದೆ ಸರಿದು ಭಾಷೆ ಮುಂದೆ ಬಂತು. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನನ್ನ ಪುತ್ರಿಯಾದ ಕುಮಾರಿ ಅಕ್ಷತಾಳು ಹುಟ್ಟಿನಿಂದಲೂ ಶೀತಪ್ರಕೃತಿಯವಳಾಗಿದ್ದು, ಅನ್ಯ ಊರಿನ ನೀರು ಹಾಗೂ ಗಾಳಿ ಅವಳ ದೇಹಕ್ಕೆ ಒಗ್ಗುವುದಿಲ್ಲವೆಂಬುದನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ” ಎಂದು ಆರಂಭವಾದ ಕಾಗದ ಒಂದೂವರೆ ಪುಟ ನಡೆಯಿತು. ಕಾರ್ಬನ್ ಇಟ್ಟು ಒಂದು ಪ್ರತಿಯನ್ನೂ ತೆಗೆದುಕೊಂಡರು.

ಹೆಡ್‌ಮೇಡಮ್ಮು ಅದನ್ನು ಟೀಚರುಗಳಿಗೆಲ್ಲ ಓದಿ ಹೇಳಿದರಂತೆ. “ಕಾಗದ ಬರೆದ್ರೆ ಹೀಗೆ ಬರೀಬೇಕು” ಅಂದರಂತೆ. ಆ ಸುದ್ದಿ ಕರಿಬಸವಯ್ಯನವರನ್ನು ತಲುಪಿತು. ಮಗುವಿನ ನೆಗಡಿ ಮೂರನೇ ದಿನಕ್ಕೆ ವಾಸಿಯಾಯಿತು. ಪ್ರವಾಸ ಇದ್ದದ್ದು ನಾಲ್ಕನೇ ದಿನ.

“ನೆಗಡಿ ಹೋಯ್ತಲ್ರೀ, ಕಳಿಸಿಬುಡಿ. ಎರಡು ದಿನದಿಂದ ಅಳ್ತಾ ಇದಾಳೆ” ಎಂದರು ಪ್ರೇಮಲೀಲಾ.

“ಕಾಗದ ಹೋಗಿಬುಟ್ಟಿದೆ ಕಣೇ. ಹುಟ್ಟಿನಿಂದಲೂ ಅಂತ ಬರೆದಿದ್ದೀನಿ. ಈಗ ಮೂರೇ ದಿನಕ್ಕೆ ಸರಿಹೋಯ್ತು ಅಂದ್ರೆ ನನ್ನ ಕಾಗದಕ್ಕೆ ಏನು ಬೆಲೆ?”

ಕಾಗದಕ್ಕೆ ಬೆಲೆ ಉಳಿಯಿತು. ಬಸ್ಸು ಹೋಯಿತು.

ಆಮೇಲೆ ಈಜು ಕಲಿಸುತ್ತೇವೆ ಎಂಬ ಚೀಟಿ ಬಂತು, ಚಾಮುಂಡಿ ಬೆಟ್ಟ ಹತ್ತಿಸುತ್ತೇವೆ ಎಂಬುದು ಬಂತು, ಹೈಸ್ಕೂಲಿನಲ್ಲಿ ಶಿಬಿರ ಬಂತು. ಸೈಕಲ್ಲಿನ ಮಾತು ಚೀಟಿಯಿಲ್ಲದೆ ಮಗಳ ಬಾಯಿಂದಲೇ ಬಂತು. ಅದಕ್ಕೆ ಉತ್ತರವನ್ನೂ ಬಾಯಲ್ಲೇ ಕೊಟ್ಟರು. ಮಿಕ್ಕವಕ್ಕೆಲ್ಲ ಕಾಗದ. ಪ್ರತಿಯೊಂದರಲ್ಲೂ ಶೀತಪ್ರಕೃತಿ ಹೊಸ ಅಲಂಕಾರದಲ್ಲಿ ಬರುತ್ತಿತ್ತು. “ನಿಮ್ಮ ಕಾಗದದಲ್ಲಿ ಆಗೋ ನೆಗಡೀಲಿ ಅರ್ಧದಷ್ಟೂ ಅವಳ ಮೂಗಲ್ಲಿ ನೋಡಲಿಲ್ಲ ನಾನು” ಎಂದು ಪ್ರೇಮಲೀಲಾ ಚುಚ್ಚುತ್ತಿದ್ದರು. ಒಂಬತ್ತನೇ ಕ್ಲಾಸಿನಲ್ಲಿ ಹಂಪಿಯ ಪ್ರವಾಸ ಬಂದಾಗ ಅಕ್ಷತಾ ಅಳಲಿಲ್ಲ. ತಾನೇ ಹಾಳೆ, ಪೆನ್ನು, ಕಾರ್ಬನ್ನು ತಂದು ಮುಂದಿಟ್ಟಳು. “ಅಪ್ಪಾಜಿ, ಹಂಪಿದು ಬಂದಿದೆ. ಬರೆದುಬುಡಿ.”

“ನೋಡಿದೆಯಾ, ಎಷ್ಟು ತಿಳಿವಳಿಕೆ ಬಂದುಬಿಟ್ಟಿದೆ ಮಗೂಗೆ!” ಎಂದು ಕರಿಬಸವಯ್ಯನವರು ಹೆಂಡತಿಯ ಮುಂದೆ ಹಿಗ್ಗಿದರು.

ಮುಂದೆ ಮಂಗಳೂರಿನಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಿತು. ಅಲ್ಲಿ ಶೀತವೆಲ್ಲಿಂದ ಬರಬೇಕು ಎಂಬ ಸಣ್ಣ ತಾಂತ್ರಿಕ ತೊಡಕೆದ್ದಾಗ, ‘ಹವಾಮಾನದ ಏರುಪೇರು’ ಎಂದು ತಿದ್ದಿ, ಸೀಟು ಬೇಡವೆಂದು ಬರೆದು ಮುಗಿಸಿದರು.

ಈಗ ಅಕ್ಷತಾಗೆ ಇಪ್ಪತ್ತೇಳು. ಶ್ರೀರಾಂಪುರದ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನದ ಟೀಚರು. ಪುಸ್ತಕದಲ್ಲಿದ್ದದ್ದನ್ನು ಬೋರ್ಡಿಗೆ, ಬೋರ್ಡಿನದನ್ನು ಮಕ್ಕಳ ನೋಟ್ಸಿಗೆ ಒಂದಕ್ಷರ ತಪ್ಪದಂತೆ ದಾಟಿಸುತ್ತಾಳೆ. ನಿವೃತ್ತರಾದ ಅಪ್ಪ ದಿನವೂ ಸ್ಕೂಟರಿನಲ್ಲಿ ಬಿಟ್ಟು, ಸಂಜೆ ಕರೆತರುತ್ತಾರೆ. ಹಿಂದೆ ಒಂದು ಪಕ್ಕಕ್ಕೆ ಕೂತ ಮಗಳ ಕಿವಿಗೆ ಏಪ್ರಿಲ್ ಬಿಸಿಲಿನಲ್ಲೂ ಸ್ಕಾರ್ಫು.

ಜನವರಿಯಲ್ಲಿ ಬಡಾವಣೆಯ ಸಂಘದವರು ಪಾರ್ಕಿನಲ್ಲಿ ಯುವ ದಿನ ಮಾಡಿದರು. ಯುವಕರು ಯಾರೂ ಸಿಗದ ಕಾರಣ ಭಾಷಣಕ್ಕೆ ಕರಿಬಸವಯ್ಯನವರನ್ನು ಕರೆದರು. ವಿಷಯ: ‘ಯುವಜನರ ಬೆಳವಣಿಗೆಯಲ್ಲಿ ಹೊಸ ಅನುಭವಗಳ ಪಾತ್ರ’. ನಾಲ್ಕು ಹಾಳೆ ಕರಡು ಸಿದ್ಧವಾಯಿತು. ದುಂಡಗೆ ಫೇರ್ ಮಾಡಿಕೊಟ್ಟವಳು ಅಕ್ಷತಾ. “ಯುವಜನರು ಮನೆಯ ಹೊಸ್ತಿಲನ್ನು ದಾಟಬೇಕು! ಅನ್ಯ ಊರಿನ ನೀರು ಕುಡಿಯಬೇಕು! ಅಪರಿಚಿತ ಗಾಳಿಗೆ ಮುಖವೊಡ್ಡಬೇಕು!” ಎಂದು ಮೈಕಿನ ಮುಂದೆ ಅವರು ಕೈಯೆತ್ತಿದಾಗ, ಮುಂದಿನ ಸಾಲಿನಲ್ಲಿದ್ದ ಹಿರಿಯರೆಲ್ಲ ಮಫ್ಲರು ಸರಿಪಡಿಸಿಕೊಂಡು ಚಪ್ಪಾಳೆ ತಟ್ಟಿದರು. ಈ ನೀರನ್ನೂ ಗಾಳಿಯನ್ನೂ ತಾವು ಹಿಂದೆ ಎಲ್ಲೋ ಬಳಸಿದ್ದೇವೆಂಬುದು ಭಾಷಣಕಾರರಿಗೆ ಹೊಳೆಯಲಿಲ್ಲ.

ಶಾಲು, ಹಣ್ಣಿನ ಬುಟ್ಟಿ ಹಿಡಿದು ಇಳಿಯುವಾಗ ಒಬ್ಬ ಹುಡುಗಿ ಅಡ್ಡ ಬಂದಳು. ಅಕ್ಷತಾಳ ಜೊತೆ ಕೆಲಸ ಮಾಡುವ ಶುಭಾ. ಹೂಟಗಳ್ಳಿಯಿಂದ ದಿನಾ ತಾನೇ ಸ್ಕೂಟರು ಓಡಿಸಿಕೊಂಡು ಬರುವವಳು.

“ಸೂಪರ್ ಅಂಕಲ್! ಹಂಗಾದ್ರೆ ಅಕ್ಷತಾನ ಧಾರವಾಡಕ್ಕೆ ಕಳಿಸ್ತೀರಾ ಅಂತಾಯ್ತು.”

“ಯಾವ ಧಾರವಾಡ?”

“ಅವಳು ಹೇಳೇ ಇಲ್ವಾ? ಬೇಸಿಗೆ ರಜೇಲಿ ಆರು ವಾರ ಟ್ರೈನಿಂಗು. ಮಕ್ಕಳ ಕೈಲೇ ಮಾಡಿಸಿ ಸೈನ್ಸ್ ಕಲಿಸೋದು ಹೇಗೆ ಅಂತ. ಹೋದ ವರ್ಷ ನಾನು ಹೋಗಿದ್ದೆ. ಈ ಸಲ ನಮ್ಮ ಪ್ರಿನ್ಸಿಪಾಲರು ಅವಳ ಹೆಸರು ಬರೆದಿದ್ದಾರೆ. ತಿಂಗಳ ಕೊನೆಯೊಳಗೆ ಹೂಂ ಅನ್ನಬೇಕು, ಇಲ್ಲಾಂದ್ರೆ ಬೇರೆಯೋರಿಗೆ ಹೋಗುತ್ತೆ.”

ಹೋದ ವರ್ಷದ ಶುಭಾ ಅವರಿಗೆ ನೆನಪಿದ್ದಳು. ಶಾಲೆಯ ವಾರ್ಷಿಕೋತ್ಸವದಲ್ಲಿ ಸ್ವಾಗತ ಹೇಳಲು ನಿಂತು, ಅರ್ಧಕ್ಕೇ ಅಳುತ್ತಾ ಇಳಿದುಹೋದ ಹುಡುಗಿ. ಈಗ ಮಾತಾಡುವಾಗ ಎದುರಿನವರ ಕಣ್ಣನ್ನೇ ನೋಡುತ್ತಿದ್ದಳು.

“ಅಲ್ಲಿ ಮೊದಲನೇ ವಾರ ದಿನಾ ಅತ್ತೆ ಅಂಕಲ್. ಎರಡನೇ ವಾರ ಅಳೋಕೆ ಟೈಮೇ ಸಿಗಲಿಲ್ಲ” ಎಂದು ನಕ್ಕಳು.

ಕರಿಬಸವಯ್ಯನವರು ಚಪ್ಪಾಳೆಯ ಶಾಖದಲ್ಲೇ ಮನೆಗೆ ಬಂದರು. ಅಕ್ಷತಾ ನಡುಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಶಾಲು ಹೊದ್ದೇ ಎದುರು ನಿಂತು ಘೋಷಿಸಿದರು: “ಧಾರವಾಡಕ್ಕೆ ಹೋಗಿ ಬಾರಮ್ಮ. ನನ್ನ ಪೂರ್ಣ ಒಪ್ಪಿಗೆ ಇದೆ.”

ಮಗಳು ಓಡಿಬಂದು ಕಾಲು ಮುಟ್ಟುತ್ತಾಳೆಂದು ಅವರು ಎಣಿಸಿರಲಿಲ್ಲ. ಆದರೂ ಕಾಲನ್ನು ಸ್ವಲ್ಪ ಮುಂದಿಟ್ಟೇ ನಿಂತಿದ್ದರು.

“ಬೇಡಿ ಅಪ್ಪಾಜಿ” ಎಂದಳು ಅಕ್ಷತಾ, ಕಾಳಿನಿಂದ ಕಣ್ಣು ತೆಗೆಯದೆ.

“ಯಾಕೆ? ನಾನೇ ಹೋಗು ಅಂತಿದ್ದೀನಲ್ಲ.”

“ನಂಗೆ ಶೀತಪ್ರಕೃತಿ ಅಲ್ವಾ? ಬೇರೆ ಊರಿನ ನೀರು ಆಗಲ್ಲ.”

ಅಣಕಿಸುತ್ತಿದ್ದಾಳೇನೋ ಎಂದು ಅವರು ಮುಖ ನೋಡಿದರು. ಅಣಕ ಇರಲಿಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಅವರಿಗೆ ಆಮೇಲೆ ಬಹಳ ದಿನ ಅನ್ನಿಸಿತು. ತನ್ನ ರಕ್ತದ ಗುಂಪು ಯಾವುದೆಂದು ಹೇಳುವವರ ಹಾಗೆ ಹೇಳಿದ್ದಳು, ಅಷ್ಟೆ.

“ಯಾರು ಹೇಳಿದ್ದು ನಿಂಗೆ?” ಎಂದು ಕೇಳಿಯೂಬಿಟ್ಟರು. ಅಡುಗೆಮನೆಯ ಬಾಗಿಲಿಗೆ ಪ್ರೇಮಲೀಲಾ ಬಂದರು. ಗಂಡನನ್ನು ಒಮ್ಮೆ ನೋಡಿದರು. ಇಂಥ ಅವಕಾಶವನ್ನು ಎಂದೂ ಬಿಡದವರು, ಒಂದು ಮಾತೂ ಆಡದೆ ಒಳಗೆ ಹೋದರು.

ಮರುದಿನದಿಂದ ಕರಿಬಸವಯ್ಯನವರು ಪ್ರಯತ್ನಕ್ಕೆ ನಿಂತರು. ದೇವರಾಜ ಅರಸು ರಸ್ತೆಗೆ ಹೋಗಿ ಗಾಲಿಯಿರುವ ಪೆಟ್ಟಿಗೆ ತಂದರು. “ಚೆನ್ನಾಗಿದೆ ಅಪ್ಪಾಜಿ” ಎಂದು ಅಕ್ಷತಾ ಅದರಲ್ಲಿ ಮನೆಯ ಹಳೇ ರಗ್ಗುಗಳನ್ನು ಮಡಿಸಿಟ್ಟಳು. ಧಾರವಾಡ ಪೇಡದ ಆಸೆ ತೋರಿಸಿದರು. “ಇಲ್ಲೂ ಸಿಗುತ್ತಲ್ಲ ಅಪ್ಪಾಜಿ” ಎಂದಳು. ಜೀವಮಾನವೆಲ್ಲ ‘ಇಲ್ಲ’ ಎಂಬುದಕ್ಕೆ ಭಾಷೆ ಹೊಸೆದವರಿಗೆ ‘ಹೋಗು’ ಎಂಬುದಕ್ಕೆ ನಾಲ್ಕು ಮಾತು ಕೂಡಲಿಲ್ಲ.

ಒಂದು ಮಧ್ಯಾಹ್ನ ಮಗಳು ಶಾಲೆಯಲ್ಲಿದ್ದಾಗ ಬೀರುವಿನಿಂದ ಹಳೆಯ ಕಡತ ತೆಗೆದರು. ಮೇಲೆ ಅವರದೇ ದುಂಡಕ್ಷರ: ‘ಅಕ್ಷತಾ, ರಜೆ ಹಾಗೂ ಇತರೆ’. ಕಾರ್ಬನ್ ಪ್ರತಿಗಳು ತಾರೀಖಿನ ಪ್ರಕಾರ ಟ್ಯಾಗಿನಲ್ಲಿದ್ದವು. ಮೊದಲು ಓದಿದಾಗ, ನಾಚಿಕೆಯ ಮಾತೆಂದರೆ, ಭಾಷೆಯೇ ಕಣ್ಣಿಗೆ ಬಿತ್ತು. ‘ಒಗ್ಗುವುದಿಲ್ಲವೆಂಬುದನ್ನು’ ಎಂಬಲ್ಲಿ ಎಂಥ ಬಿಗಿ! ಎರಡನೇ ಸಲ ಓದಿದಾಗ ಬಸ್ಸುಗಳು ಕಾಣಿಸಿದವು. ಸೋಮನಾಥಪುರದ ಬಸ್ಸು, ಹಂಪಿಯ ಬಸ್ಸು. ಎಲ್ಲ ಮಕ್ಕಳೂ ಕೂಗುತ್ತಾ ಹತ್ತುತ್ತಿದ್ದಾರೆ. ಹಂಪಿಯ ಕಾಗದದ ಹೊತ್ತಿಗೆ ಹುಡುಗಿ ತಾನೇ ಹಾಳೆ ತಂದು ಕೊಟ್ಟದ್ದು ನೆನಪಾಯಿತು. ಅವತ್ತು ತಾವು ಹಿಗ್ಗಿದ್ದೂ ನೆನಪಾಯಿತು. ಕಡತ ಮುಚ್ಚಿ, ಕನ್ನಡಕ ತೆಗೆದು, ಬಹಳ ಹೊತ್ತು ಒರೆಸುತ್ತಾ ಕೂತರು.

ಆ ಸಂಜೆ ಶಾಲೆಯಿಂದ ಬರುವಾಗ ಸ್ಕೂಟರನ್ನು ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದರು.

“ಅದು ಸುಳ್ಳು ಕಣಮ್ಮ. ಶೀತಪ್ರಕೃತಿ ಅನ್ನೋದು ನಾನು ಬರೆದದ್ದು. ನಿಂಗೇನೂ ಇಲ್ಲ.”

“ಸುಳ್ಳು ಹೆಂಗಾಗುತ್ತೆ ಅಪ್ಪಾಜಿ? ಮೊನ್ನೆ ನಿಮ್ಮ ಸ್ಕೂಟರು ಕೆಟ್ಟ ದಿನ ಸಿಟಿ ಬಸ್ಸಲ್ಲಿ ಬಂದಿದ್ದಕ್ಕೇ ಗಂಟಲು ಕಟ್ಟಿತ್ತು.”

“ಅದು ಹೆದರಿಕೆಗೆ ಕಟ್ಟಿರಬೇಕು.”

ಅಕ್ಷತಾ ಸ್ಕಾರ್ಫಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. “ಗೊತ್ತಿಲ್ಲ. ಅಲ್ಲಿ ಯಾರೂ ಪರಿಚಯ ಇರಲ್ಲ. ರೂಮಿಗೆ ಹೋದ್ರೆ ಲೈಟಿನ ಸ್ವಿಚ್ಚು ಎಲ್ಲಿರುತ್ತೆ ಅಂತಾನೂ ಗೊತ್ತಿರಲ್ಲ ಅಪ್ಪಾಜಿ.”

“ಶುಭಾಗೂ ಗೊತ್ತಿರಲಿಲ್ವಲ್ಲ?”

“ಅವಳಿಗೆ ಚಿಕ್ಕೋಳಿದ್ದಾಗಿಂದ ಹುಡುಕಿ ಅಭ್ಯಾಸ. ನಂಗೆ ಯಾವಾಗ್ಲೂ ನೀವೇ ಲೈಟು ಹಾಕಿರ್ತಿದ್ರಲ್ಲ” ಎಂದು ನಕ್ಕಳು. ದೂರು ಹೇಳುವ ನಗುವಲ್ಲ. ಅಪ್ಪನ ಮೇಲಿನ ಪ್ರೀತಿಯ ನಗು. ಕರಿಬಸವಯ್ಯನವರಿಗೆ ಸ್ಕೂಟರು ಸ್ಟಾರ್ಟ್ ಮಾಡಲು ಎರಡು ಮೂರು ಸಲ ಬೇಕಾಯಿತು.

ಕೊನೆಯ ದಿನ ಬೆಳಿಗ್ಗೆ ಅಕ್ಷತಾ ಎಂದಿನಂತೆ ಹಾಳೆ, ಪೆನ್ನು ತಂದಿಟ್ಟಳು. “ಇವತ್ತು ಕೊಡಬೇಕು. ಬರೆದುಬುಡಿ ಅಪ್ಪಾಜಿ.”

“ಬರೆಯೋದಿಲ್ಲ. ಬೇಕಾದ್ರೆ ಹೂಂ ಅಂತ ಬರೀತೀನಿ.”

 ವಾದ ಮಾಡುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಹಾಳೆ ಎತ್ತಿಕೊಂಡು ಊಟದ ಮೇಜಿಗೆ ಹೋಗಿ ಕೂತಳು. ಕಾಫಿ ಆರುವಷ್ಟರಲ್ಲಿ ತಂದು ಕೊಟ್ಟಳು. “ಒಂದ್ಸಲ ಕಣ್ಣಾಡಿಸಿಬುಡಿ.”

ಕರಿಬಸವಯ್ಯನವರು ಕೆಂಪು ಪೆನ್ಸಿಲು ಹಿಡಿದರು. ಮೂವತ್ತಾರು ವರ್ಷ ಎಲ್ಲರ ಕಾಗದದಲ್ಲೂ ತಪ್ಪು ಹುಡುಕಿದ ಕಣ್ಣು, ಇವತ್ತು ಒಂದು ತಪ್ಪು ಸಿಗಲಿ ಎಂದು ಬೇಡಿಕೊಂಡಿತು. “ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ನಾನು ಹುಟ್ಟಿನಿಂದಲೂ ಶೀತಪ್ರಕೃತಿಯವಳಾಗಿದ್ದು...” ಒಂದು ಕೊಂಬೂ ಒಂದು ಒತ್ತೂ ಆಚೀಚೆಯಾಗಿರಲಿಲ್ಲ. ಅವರ ಬಿಗಿ, ಅವರ ಓಟ, ಅವರ ಅವಗಾಹನೆ. ಪೆನ್ಸಿಲನ್ನು ಒತ್ತಿ ಹಿಡಿದು, ಶೀತಪ್ರಕೃತಿ ಎಂಬ ಪದದ ಮೇಲೆ ಅಡ್ಡಗೆರೆ ಎಳೆದರು.

“ಅಯ್ಯೋ, ಹೊಡೆದುಹಾಕಿಬುಟ್ರಾ? ಹೋಗ್ಲಿ ಬಿಡಿ, ಇನ್ನೊಂದು ಫೇರ್ ಮಾಡ್ಕೋತೀನಿ.”

ಮತ್ತೆ ಮೇಜಿಗೆ ಹೋದಳು. ಕರಡಿನ ಕಡೆ ಅವಳು ತಿರುಗಿಯೂ ನೋಡಲಿಲ್ಲ. ಬಾಯಿಪಾಠವಿತ್ತು.

ಎರಡನೇ ಹಾಳೆಯಲ್ಲಿ ಕಡೆಗೂ ಅವರಿಗೊಂದು ತಪ್ಪು ಸಿಕ್ಕಿತು. ಕೆಳಗೆ ಬಲಗಡೆ ‘ಇಂತಿ ತಮ್ಮ ವಿಶ್ವಾಸಿ’ ಎಂದು ಅವಳ ರುಜು ಇತ್ತು. ಎಡಗಡೆ ಚುಕ್ಕಿ ಚುಕ್ಕಿಯ ಗೆರೆ ಎಳೆದು, ಅದರಡಿ ‘ಪೋಷಕರ ರುಜು’ ಎಂದು ಬರೆದಿದ್ದಳು.

“ಇದು ಬೇಕಿಲ್ಲ ಕಣಮ್ಮ. ನೀನೇ ಟೀಚರು ಈಗ. ಇಪ್ಪತ್ತೇಳು ವರ್ಷ ನಿಂಗೆ.”

ಅಕ್ಷತಾ ಬಗ್ಗಿ ನೋಡಿದಳು. ಕೆನ್ನೆ ಕೆಂಪಾಯಿತು. ಆಮೇಲೆ ಮೆಲ್ಲಗೆ ಹೇಳಿದಳು: “ಇರಲಿ ಹಾಕಿ ಅಪ್ಪಾಜಿ. ಇಲ್ಲದಿದ್ರೆ ಆ ಜಾಗ ಖಾಲಿ ಕಾಣುತ್ತೆ.”

 ಹೊರಗೆ ಸ್ಕೂಟರಿನ ನೆರಳು ಗೇಟಿನಿಂದ ಹಿಂದೆ ಸರಿದಿತ್ತು. ಹೊತ್ತಾಗುತ್ತಿತ್ತು. ಎಷ್ಟೋ ವರ್ಷಗಳಲ್ಲಿ ಮಗಳು ಬಾಯಿಬಿಟ್ಟು, ಬೇಕು ಎಂದು ಕೇಳಿದ್ದು ಇದೊಂದೇ ಎಂಬುದು ಕರಿಬಸವಯ್ಯನವರಿಗೆ ತಿಳಿದಿತ್ತು. ಇದನ್ನೂ ಇಲ್ಲವೆನ್ನಲು ಅವರಲ್ಲಿ ಭಾಷೆ ಉಳಿದಿರಲಿಲ್ಲ.

ಪೆನ್ನಿನ ಮುಚ್ಚಳ ತೆಗೆದು ಚುಕ್ಕಿಗಳ ಮೇಲೆ ರುಜು ಹಾಕಿದರು. ರುಜು ಎಂದಿನ ಹಾಗೆ ಬಹಳ ಚೆಂದ ಬಿದ್ದಿತು.