ಎರಡು ತಂತಿ ಸಾಕೆಂದ ಮಹೇಶ್ವರಿ

ಇಳಕಲ್ಲಿನ ಮಹೇಶ್ವರಿಯನ್ನು ನೋಡಲು ಬಂದ ಬೀಗರೆಲ್ಲ "ಹುಡುಗಿ ಏನ್ ಮಾಡ್ತಾಳ್ರಿ?" ಎಂದು ಕೇಳಿದಾಗ ಅವಳ ಅವ್ವ ಕೊಡುತ್ತಿದ್ದ ಉತ್ತರ ಒಂದೇ: "ಮೀಟರ್ ರಿಪೇರಿ ಮಾಡ್ತಾಳ್ರಿ." ಅದು ಆಟೊ ಮೀಟರೋ ಕರೆಂಟ್ ಮೀಟರೋ ತಿಳಿಯದೆ ಬಂದವರು ಚಹಾ ಕುಡಿದು ಏಳುತ್ತಿದ್ದರು. ಕಡೆಗೆ ಹುನಗುಂದದ ಒಬ್ಬ ಗಣಿತದ ಮಾಸ್ತರ ಏನೂ ಕೇಳದೆ ಒಪ್ಪಿಕೊಂಡ. ಲೆಕ್ಕ ಗೊತ್ತಿದ್ದವರು ಹೆಚ್ಚು ಮಾತಾಡುವುದಿಲ್ಲ.

ಬಾಗಲಕೋಟೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ಡಿಪ್ಲೊಮಾ ಮುಗಿಸಿ, ಸಿಮೆಂಟ್ ಕಾರ್ಖಾನೆಯೊಂದರಲ್ಲಿ ವರ್ಷಗಟ್ಟಲೆ ಧೂಳು ತಿಂದ ಆಕೆ ಈಗ ರಾಮಥಾಳದ ಆಚೆ ರೈತರ ನೀರಿನ ಸಂಘವೊಂದರ ಪಂಪ್‌ಹೌಸಿನಲ್ಲಿದ್ದಳು. ಸಂಘದ ಕೊನೆಯ ವಾಲ್ವ್ ಇದ್ದದ್ದು ದೂರದಲ್ಲಿ, ಹಳ್ಳದಾಚೆ. ಅಲ್ಲಿಯವರೆಗೆ ನೆಲದೊಳಗೆ ಹೂತಿದ್ದ ದಪ್ಪ ಕೇಬಲ್ಲಿನಲ್ಲಿ ಕರೆಂಟಿಗೆ ಬೇರೆ ತಂತಿ, ಅಪ್ಪಣೆಗೆ ಬೇರೆ, ಅಲ್ಲಿಂದ ಬರುವ ಉತ್ತರಕ್ಕೆ ಬೇರೆ. ಹೆಗ್ಗಣಗಳು ಒಂದೊಂದನ್ನೇ ರುಚಿ ನೋಡಿ, ಹೊಟ್ಟೆ ತುಂಬಿದಾಗ ಎರಡೇ ತಂತಿ ಉಳಿಸಿದ್ದವು.

"ಹೊಸಾ ಕೇಬಲ್ ಹಾಕೂದ. ಜೆಸಿಬಿ ತರಸ್ತೇನಿ," ಎಂದರು ಅಧ್ಯಕ್ಷ ಶಂಕರಲಿಂಗಪ್ಪ.

ಕೇಬಲ್ಲಿನ ಹಾದಿ ರಂಜಾನಬಿಯ ಹೊಲದ ನಟ್ಟನಡುವೆ. ಹೊಲದಲ್ಲಿ ಉಳ್ಳಾಗಡ್ಡಿ ಈಗಷ್ಟೇ ಮುಷ್ಟಿಗಾತ್ರಕ್ಕೆ ಬರುತ್ತಿತ್ತು. "ಅಗೀರಿ, ಯಾರ್ ಬ್ಯಾಡಂದಾರು? ಮೊದ್ಲ ನನ್ನ ಅಲ್ಲೇ ಹೂಳ್ರಿ, ಆಮ್ಯಾಲ ಕೇಬಲ್," ಎಂದಳು ಆಕೆ.

"ಉಳಿದಿರೂ ಎರಡ ತಂತಿ ಸಾಕ್ರಿ," ಎಂದಳು ಮಹೇಶ್ವರಿ.

"ತಂತಿ ಎರಡು, ಕೆಲ್ಸ ಮೂರು? ನಮ್ಮನ್ಯಾಗ ಆರ ಮಂದಿ ಇದ್ದು ಒಂದ ಕೆಲ್ಸ ಆಗೂದಿಲ್ಲವ್ವಾ!" ಎಂದರು ಅಧ್ಯಕ್ಷರು.

"ವಾಲ್ವ್ ತಿರಗ್ಸೂ ತಾಕತ್ತು ನೀರಿಂದ್ರಿ. ಅದರ ತಲಿ ಮ್ಯಾಲಿನ ಡಬ್ಬಿಗಷ್ಟ ಕರೆಂಟ್ ಬೇಕು. ಎರಡು ತಂತ್ಯಾಗ ಹರಿಯೂ ಕರೆಂಟ್ ಅದಕ್ಕ ಊಟ. ಅದ ತಂತ್ಯಾಗ ಇಲ್ಲಿಂದ ಸಣ್ಣಗ ಚಿವುಟಿದ್ರ 'ತೆರಿ' ಅಂತ ತಿಳೀತೈತಿ. ಎಷ್ಟು ತೆರೀತೈತೋ ಅಷ್ಟು ಹೆಚ್ಚು ಕರೆಂಟ್ ಜಗ್ಗತೈತಿ, ಅದ ಉತ್ತರ."

ಅಮಾವಾಸ್ಯೆಯ ಮಧ್ಯಾಹ್ನದವರೆಗೆ ಗಡುವು ಸಿಕ್ಕಿತು. ಮಹೇಶ್ವರಿ ವಾಲ್ವಿಗೆ ಹೊಸ ಡಬ್ಬಿ ಕೂರಿಸಿ, ಪಂಪ್‌ಹೌಸಿನ ಗೋಡೆಗೆ ತಂತಿ ಕೂಡಿಸುವ ಪೆಟ್ಟಿಗೆ ಬಡಿದಳು. ಅಮಾವಾಸ್ಯೆಯ ಹಿಂದಿನ ದಿನ ನಡೆಸಿ ನೋಡಿದಾಗ ಎಲ್ಲವೂ ಸರಿಯಾಗಿತ್ತು.

ಅಮಾವಾಸ್ಯೆಯಂದು ಸಂಘದವರೆಲ್ಲ ಪಂಪ್‌ಹೌಸಿನಲ್ಲಿ ನೆರೆದರು. ಜೆಸಿಬಿ ಆಗಲೇ ಉಳ್ಳಾಗಡ್ಡಿಯ ಬದುವಿಗೆ ಬಂದು ನಿಂತಿತ್ತು. ರಂಜಾನಬಿ ಫೋನ್ ಹಿಡಿದು ಅದೇ ಬದುವಿನಾಚೆಯ ವಾಲ್ವಿನ ಬಳಿ ಕೂತಿದ್ದಳು. ಗುಂಡಿಯನ್ನು ಇನ್ನೂ ಯಾರೂ ಒತ್ತಿರಲಿಲ್ಲ, ಆದರೂ ಪಂಪ್ ಮನೆಯಲ್ಲಿ ಕರೆಂಟು ಅಳೆಯುವ ಮೀಟರಿನ ಮುಳ್ಳು ವಾಲ್ವ್ ಅರ್ಧ ತೆರೆದಿದೆ ಎನ್ನುತ್ತಿತ್ತು.

"ಚಾಚಿ, ನೀರ್ ಬರಾಕತ್ತೈತೇನ್ರಿ?" ಎಂದು ಮಹೇಶ್ವರಿ ಫೋನಿನಲ್ಲಿ ಕೇಳಿದಳು.

"ಹನಿ ಇಲ್ಲ ಬೇಟಿ, ಗಟ್ಟಿ ಮುಚ್ಚೈತಿ."

"ವಾಲ್ವ್ ಸುಳ್ಳ ಹೇಳಾಕ ಕಲ್ತೈತಿ, ಸಂಘದ ಮೆಂಬರ್ ಮಾಡ್ರಿ ಅದನ್ನ!" ಎಂದು ಹಿಂದಿನಿಂದ ಯಾರೋ ಕೂಗಿದರು. ಶಂಕರಲಿಂಗಪ್ಪ ನಗಲಿಲ್ಲ, ಜೆಸಿಬಿಯವನ ನಂಬರು ಹುಡುಕತೊಡಗಿದರು.

ಮಹೇಶ್ವರಿ ಫೋನನ್ನು ಬಾಯಿಗೆ ಹತ್ತಿರ ಹಿಡಿದಳು. "ಚಾಚಿ, ಡಬ್ಬಿಯಿಂದ ಒಂದ ತಂತಿ ಕಿತ್ತಿಡ್ರಿ." ಆ ತುದಿ ಬಿಚ್ಚಿದರೆ ಕರೆಂಟು ಹರಿಯಲೇಬಾರದು. ರಂಜಾನಬಿ ಕಿತ್ತಳು. ಮುಳ್ಳು ಕೊಂಚ ಇಳಿದು ನಿಂತುಬಿಟ್ಟಿತು, ಸೊನ್ನೆಗೆ ಬರಲಿಲ್ಲ. ಅಂದರೆ ವಾಲ್ವಿನದಲ್ಲ ತಪ್ಪು. ಹಾದಿಯಲ್ಲೇ ಯಾರೋ ಕರೆಂಟು ಕುಡಿಯುತ್ತಿದ್ದರು. ಕರೆಂಟು ಸುತ್ತಿ ಬರುವ ಲೂಪಿನಲ್ಲೇ ಲೋಪ!

ಗೋಡೆಯ ಪೆಟ್ಟಿಗೆಯತ್ತ ಹೋದಳು. ಅದರ ಮೇಲೆ ವಿಭೂತಿ, ಕುಂಕುಮ, ಸೇವಂತಿಗೆ. ಮುಚ್ಚಳದ ಸಂದಿನಲ್ಲಿ ಕೆಂಪಿರುವೆಗಳ ಮೆರವಣಿಗೆ. ತೆರೆದರೆ ಒಳಗೆಲ್ಲ ಅಂಟಂಟು ತೆಂಗಿನ ನೀರು, ಎರಡೂ ತಂತಿಗಳ ನಡುವೆ ಸೇತುವೆ ಕಟ್ಟಿದಂತೆ.

"ಕಾಕಾ, ಏನಿದು?"

ಪಂಪ್ ನಡೆಸುವ ಹೊಳಬಸಪ್ಪ ಹೆಮ್ಮೆಯಿಂದ ಮುಂದೆ ಬಂದ. "ಅಮಾಸಿ ಅಲ್ಲೇನ್ರಿ ಅಕ್ಕಾರ? ಮೋಟರಿಗೆ ಕಾಯಿ ಒಡದು ಹೊಸಾ ಪೆಟ್ಟಿಗಿಗೆ ಒಡೀದ ಬಿಟ್ರ ಅದಕ್ಕ ಸಿಟ್ಟಾಗತೈತಿ."

"ಮುಚ್ಚಳ ಯಾಕ ತೆಗದ್ರಿ?"

"ಮ್ಯಾಲ ಹಾಕಿದ್ರ ಮುಚ್ಚಳಕ್ಕ ಪೂಜಿ ಆಗತಿತ್ತು. ಒಳಗಿದ್ದಾವ್ಗ ಮುಟ್ಟಬೇಕಲ್ರಿ?"

ಮಹೇಶ್ವರಿ ಬೈಯಲು ತೆರೆದ ಬಾಯಿಂದ ನಗು ಬಂತು. ತಂತಿ ಕೂಡಿಸುವ ಪಟ್ಟಿ ಬಿಚ್ಚಿ, ಸ್ಪಿರಿಟ್ ಹಾಕಿ ತಿಕ್ಕಿ, ಕಾದ ಕಲ್ಲಿನ ಮೇಲೆ ಬಿಸಿಲಿಗಿಟ್ಟಳು. ಹುನಗುಂದದ ಬಿಸಿಲನ್ನು ಅಷ್ಟು ಪ್ರೀತಿಯಿಂದ ಆವರೆಗೆ ಯಾರೂ ನೋಡಿರಲಿಕ್ಕಿಲ್ಲ. ಹೊಳಬಸಪ್ಪ ಟವೆಲ್ಲಿನಿಂದ ಅದಕ್ಕೆ ಗಾಳಿ ಬೀಸಿದ.

ಒಣಗಿದ ಪಟ್ಟಿಯನ್ನು ಮತ್ತೆ ಕೂಡಿಸಿದೊಡನೆ ಮುಳ್ಳು ಸೊನ್ನೆಗೆ ಮಲಗಿತು. "ಚಾಚಿ, ಈಗ ತಂತಿ ಸಿಗಿಸ್ರಿ." ಮುಳ್ಳು ಎದ್ದು 'ಮುಚ್ಚಿದೆ' ಎಂಬ ಗೆರೆಗೆ ಸರಿಯಾಗಿ ಬಂದು ಕೂತಿತು. ಮಹೇಶ್ವರಿ ಗುಂಡಿ ಒತ್ತಿದಳು.

ಫೋನಿನಲ್ಲಿ ಮೊದಲು ಕಟಕ್ಕೆಂಬ ಸದ್ದು. ಆಮೇಲೆ ಬುಸ್ಸೆಂಬ ನೀರು, ಅದರ ಮೇಲೆ ರಂಜಾನಬಿಯ ಕೂಗು: "ಬಂತು! ಬಂತು ಬೇಟಿ, ಭಾಳ ಬಂತು!" ಇತ್ತ ಮುಳ್ಳು ಗೆರೆಗೆರೆ ಏರುತ್ತ ಪೂರ್ತಿ ತೆರೆದಿದೆ ಎಂದಿತು.

ಶಂಕರಲಿಂಗಪ್ಪ ಮುಂದೆ ಬಂದು ತಾವೇ ಒತ್ತಿದರು. ಮುಚ್ಚಿತು. ಮತ್ತೆ ಒತ್ತಿದರು. ತೆರೆಯಿತು. ಸಂಘದ ಹಿರಿಯರೆಲ್ಲ ಸರದಿ ನಿಂತರು.

"ಯಾರ್ರೀ ಅದು, ಸಾಕ್ ಮಾಡ್ರಿ! ನನ್ನ ಸೀರಿ ಪೂರಾ ತೋಯ್ತು!" ಎಂದು ಫೋನು ಕಿರುಚಿತು.

"ರಂಜಾನಬೀ," ಎಂದರು ಅಧ್ಯಕ್ಷರು ಫೋನಿಗೆ ಬಗ್ಗಿ, "ಜೆಸಿಬಿಯವ್ಗ ವಾಪಸ್ ಹೋಗಂತ ಹೇಳವ್ವಾ."

"ನೀವ್ ಹೇಳೂತನಾ ಕುಂಡ್ರತೇನೇನ್ರಿ? ಆಗ್ಲೇ ಹೇಳೇನಿ. ಏ ತಮ್ಮಾ, ಹಿಂದಕ್ಕ, ಹಿಂದಕ್ಕ! ಬದುವಿನ ಮ್ಯಾಲ ಗಾಲಿ ಇಟ್ಟಿ ಅಂದ್ರ ನೋಡು!"

ದೊಡ್ಡ ಯಂತ್ರ ಪೀಪೀ ಎಂದು ಹಿಮ್ಮೆಟ್ಟುವ ಸದ್ದು ಫೋನಿನಲ್ಲಿ ಕೇಳಿಸಿತು. ಅದು ರಸ್ತೆ ಹತ್ತಿ ದೂರವಾಗುವವರೆಗೂ ಮಹೇಶ್ವರಿ ಫೋನು ಇಡಲಿಲ್ಲ.