ಮಾಳಿಗೆಯ ಮಣ್ಣು

ಹತ್ತಿಮತ್ತೂರಿನ ನಮ್ಮ ಮನೆಯ ಮಣ್ಣು ಹೊದಿಸಿದ ಮಾಳಿಗೆ ಸೂರು ತೆಗೆಸಿ ತಗಡು ಹಾಕಿಸುತ್ತೇನೆಂದು ನಾನು ಬಾಯಿ ಬಿಟ್ಟಿದ್ದೇ ತಡ, ಓಣಿಯವರೆಲ್ಲ ಬುದ್ಧಿ ಹೇಳಲು ಬಂದರು. ಧೂಳು ಅನ್ನದ ತಟ್ಟೆಗೂ ಬೀಳುತ್ತದೆ, ತೊಲೆಯ ಸಂದಿಯಿಂದ ಚೇಳು ಬೀಳುತ್ತವೆ, ಕೆಲಸದವರು ಮೂರು ದಿನ ಅಂದರೆ ಎಂಟು ದಿನ ಅಂತ ತಿಳಿ. ಎಲ್ಲವೂ ನಿಜವಾಯಿತು. ನನ್ನ ತಲೆಯೊಳಗೆ ಏನು ಹೊಕ್ಕೀತು ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಅವಸರಕ್ಕೆ ಕಾರಣ ಅವ್ವ. ಆಕೆಗೆ ದಮ್ಮು. ಹಿಂದಿನ ಮಳೆಗಾಲವಿಡೀ ಸೋರುವ ಮಾಳಿಗೆಯ ಕೆಳಗೆ ಹಾಸಿಗೆ ಎಳೆದಾಡಿಕೊಂಡು ಕೆಮ್ಮಿದ್ದಳು. ಈ ಸಲ ಮಳೆ ಹಿಡಿಯುವುದರೊಳಗೆ ಆಕೆಗೊಂದು ಒಣ ಜಾಗ ಆಗಲೇಬೇಕಿತ್ತು. ಸವಣೂರಿನಿಂದ ತಗಡು ತರಿಸಿ ಹಿತ್ತಲಲ್ಲಿ ಪೇರಿಸಿದೆ.

ಆಗ ಎದುರುಮನೆಯ ಕಾಕಾ ಬಂದರು. ಸಂಬಂಧಿಕರಲ್ಲ, ಓಣಿಯ ವರಸೆಯಲ್ಲಿ ಕಾಕಾ. ಕಟ್ಟೆಯ ಮೇಲೆ ಕೂತು ಚಹಾ ಕುಡಿದು, ಏಳುವಾಗ ಹೇಳಿದರು.

“ಮಾಳಿಗಿ ಮಣ್ಣು ನನಗ ಕೊಡು ತಮ್ಮಾ. ನನ್ನ ಟ್ರ್ಯಾಕ್ಟರ್, ನನ್ನ ಆಳು. ಎರಡು ದಿನದಾಗ ಎಲ್ಲಾ ಇಳಿಸಿ ಕೊಡ್ತೇನಿ.”

ಯಾಕೆ ಎಂದು ಕೇಳಿದೆ. ಎಲೆಬಳ್ಳಿ ತೋಟಕ್ಕಂತೆ. ವರ್ಷಾನುಗಟ್ಟಲೆ ಒಲೆಯ ಹೊಗೆ ಕುಡಿದ ಮಣ್ಣು ಬಳ್ಳಿಗೆ ಗೊಬ್ಬರಕ್ಕಿಂತ ಮೇಲಂತೆ.

ಮಣ್ಣಿಗಾಗಿ ಯಾರಾದರೂ ಪುಕ್ಕಟೆ ಆಳು ಕೊಡುತ್ತಾರೆಯೇ? ಇದರಲ್ಲಿ ಏನೋ ಮಸಲತ್ತಿದೆ ಅನ್ನಿಸಿತು. ನಮ್ಮ ಕಡೆ ಹಳೆಯ ಮಾಳಿಗೆ ಅಂದರೆ ಹಿರಿಯರು ಬಂಗಾರ ಹುಗಿದಿಟ್ಟ ಕಥೆ ಒಂದಾದರೂ ಇರುತ್ತದೆ. ಯಾರದೋ ಮನೆಯ ಜಂತಿ ಕೀಳುವಾಗ ಪುತಳಿ ಸರ ಸಿಕ್ಕಿತಂತೆ. ಯಾರ ಮನೆ ಎಂದರೆ ಯಾರಿಗೂ ಗೊತ್ತಿಲ್ಲ, ಸಿಕ್ಕಿದ್ದು ಮಾತ್ರ ಖರೆ. ನಮ್ಮ ಅಜ್ಜ ಕೈಬಿಗಿಯ ಮನುಷ್ಯ. ಕಾಕಾನ ತಂದೆ ಬೇಸಿಗೆಯಲ್ಲಿ ಅಜ್ಜನ ಜೊತೆ ಅದೇ ಮಾಳಿಗೆಯ ಮೇಲೆ ಮಲಗುತ್ತಿದ್ದವರು. ಅಜ್ಜ ಅವರಿಗೆ ಏನೋ ಹೇಳಿರಬೇಕು, ಅವರು ಮಗನಿಗೆ ಹೇಳಿರಬೇಕು.

ಆಮೇಲೆ ನೋಡೋಣ ಅಂದೆ. ಅವರು ಮತ್ತೆ ಕೇಳಲಿಲ್ಲ. ಕೇಳದೇ ಇದ್ದದ್ದೂ ನನ್ನ ಸಂಶಯಕ್ಕೇ ಕಾರಣವಾಯಿತು.

ಕೆಲಸ ಸುರುವಾದಾಗ, ನಾನು ನೋಡದೆ ಒಂದು ಬುಟ್ಟಿ ಮಣ್ಣೂ ಅಂಗಳ ದಾಟಬಾರದು ಎಂದು ಕೆಲಸದವರಿಗೆ ತಾಕೀತು ಮಾಡಿದೆ. ಜರಡಿ ಹಿಡಿದು ಕೂತೆ. ಅವರು ಇಳಿಸುವ ವೇಗಕ್ಕೆ ನಾನು ಸೋಸುವುದು ಎಲ್ಲಿಯ ಮಾತು? ಅಂಗಳ ತುಂಬಿತು, ಇಳಿಸಲು ಜಾಗವಿಲ್ಲದೆ ಅವರು ಬೀಡಿ ಸೇದುತ್ತ ಕೂತರು. ಹೆಂಡತಿ ಹಣೆ ಹಣೆ ಬಡಿದುಕೊಂಡಳು. ನನಗೆ ಸಿಕ್ಕಿದ್ದು ಒಂದು ಬಳೆಚೂರು, ಇಲಿಯ ಎಲುಬು, ತುಕ್ಕು ಹಿಡಿದ ಕುಡುಗೋಲಿನ ತುಂಡು. ಕಾಕಾ ದಿನಕ್ಕೆ ಎರಡು ಸಲ ಓಣಿ ದಾಟುವಾಗ ಮಣ್ಣಿನ ಗುಡ್ಡೆಯತ್ತ ನೋಡುತ್ತಿದ್ದರು. ನಾನು ಅವರನ್ನು ನೋಡುತ್ತಿದ್ದೆ.

ಆರನೆಯ ದಿನ ಸಂಜೆ ಮಳೆ ಹೊಡೆಯಿತು. ಅರ್ಧ ಮನೆಗೆ ಮಾಳಿಗೆಯೂ ಇಲ್ಲ, ತಗಡೂ ಇಲ್ಲ. ಅವ್ವನ ಹಾಸಿಗೆ ನೆನೆಯಿತು, ಆಕೆಗೆ ಉಸಿರು ಹಿಡಿಯಿತು. ನಾನು ಮೇಲೆ ಹೊದಿಸಲು ತಾಡಪತ್ರಿ ಹುಡುಕುತ್ತಿರುವಾಗ ಕಾಕಾ ಒಳಗೆ ಬಂದು, ಆಕೆಗೆ ಗೋಣಿಚೀಲ ಹೊದಿಸಿ, ಎತ್ತಿಕೊಂಡು, ಆ ಮಣ್ಣಿನ ರಾಡಿಯಲ್ಲೇ ಕಾಲು ಕೀಳುತ್ತ ತಮ್ಮ ಮನೆಗೆ ಒಯ್ದರು.

ಒಲೆಯ ಹತ್ತಿರ ಕೂಡಿಸಿ ಬಿಸಿನೀರು ಕುಡಿಸಿದ ಮೇಲೆ ಅವ್ವನಿಗೆ ಮಾತು ಬಂತು. ಕಾಕಾ ನಮ್ಮ ಕಾಳಿನ ಚೀಲ ತರಲು ಮತ್ತೆ ಹೊರಗೆ ಹೋಗಿದ್ದರು. ಇಷ್ಟು ದಿನ ಆ ಮಣ್ಣಿನಲ್ಲಿ ಏನು ಹುಡುಕುತ್ತಿದ್ದೆ ಎಂದು ಆಕೆ ಕೇಳಿದಳು. ಹೇಳಿದೆ. ಕಾಕಾನ ಮೇಲಿನ ಸಂಶಯವನ್ನೂ ಹೇಳಿದೆ.

“ಅದು ಅವರ ಹೊಲದ ಮಣ್ಣೋ,” ಅಂದಳು ಅವ್ವ. “ನಾ ಮದಿವಿ ಆಗಿ ಬಂದ ವರ್ಷ ಅವರಪ್ಪ ಚಕ್ಕಡಿ ತುಂಬಿ ತುಂಬಿ ತಂದು ಹಾಕಿದ್ದ. ಇಂವನೂ ಬುಟ್ಟಿ ಹೊತ್ತಾನ. ಒಂದು ಪೈಸಾ ಮುಟ್ಟಲಿಲ್ಲ ಅವರು.”

ಮೊದಲೇ ಯಾಕೆ ಹೇಳಲಿಲ್ಲ ಎಂದೆ.

“ನೀ ಎಲ್ಲೆ ಕೇಳಿದಿ?”

ನಾಚಿಕೆಯಿಂದ ಸತ್ತುಹೋದ ಹಾಗಾಯಿತು. ಮರುದಿನ ನಾನೇ ಹೋಗಿ ಮಣ್ಣು ಒಯ್ಯಿರಿ ಎಂದೆ. ಅರ್ಧ ಮಣ್ಣು ಗಟಾರ ಸೇರಿತ್ತು. ಅವರು ಟ್ರ್ಯಾಕ್ಟರ್ ತಂದು ಉಳಿದದ್ದನ್ನು ತುಂಬಿಸಿದರು. ಅವರ ಆಳುಗಳೇ ನಮ್ಮ ಕೆಲಸದವರ ಜೊತೆ ಕೈ ಹಚ್ಚಿ, ಸಂಜೆಯೊಳಗೆ ಅವ್ವನ ಕೋಣೆಗೆ ತಗಡು ಏರಿಸಿದರು.

ಕೊನೆಯ ಟ್ರೇಲರ್ ಹೊರಟಾಗ ಓಣಿಯ ತಿರುವಿನಲ್ಲಿ ಕುಲುಕಿ ಒಂದಿಷ್ಟು ಮಣ್ಣು ಚೆಲ್ಲಿತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ನಾನು ಹೋಗಿ ಅದನ್ನು ಕಾಲಿನಿಂದ ಕೆದರಿ ನೋಡಿದೆ.