ನೆಲದಿಂದ ಎದ್ದ ನೃತ್ಯ

ಮಂಡಿಯ ಆಪರೇಷನ್ ಆದ ಮೇಲೆ ಎರಡು ವರ್ಷ ನಾನು ಕುರ್ಚಿಯಲ್ಲಿ ಕೂತೇ ಭರತನಾಟ್ಯ ಕಲಿಸಿದೆ. ಕುಶಾಲನಗರದ ಒಂದು ಪಾತ್ರೆ ಅಂಗಡಿಯ ಮಹಡಿಯೇ ನನ್ನ ತರಗತಿ. ಮಕ್ಕಳು ಅರೆಮಂಡಿಯಲ್ಲಿ ಹೆಜ್ಜೆ ಹಾಕುವಾಗ ಕೋಲಿನಿಂದ ಮಣೆ ತಟ್ಟುತ್ತಿದ್ದೆ. ತಾಳ ತಪ್ಪುತ್ತಿರಲಿಲ್ಲ, ಆದರೆ ನೋಡುವ ಆಸೆಯೇ ಹೊರಟುಹೋಗಿತ್ತು.

ಆಗ ಬಂದವಳು ಅವಳು. ಎದುರಿನ ಬಟ್ಟೆ ಅಂಗಡಿಯಲ್ಲಿ ಕೆಲಸ, ಇಪ್ಪತ್ತೆರಡರ ವಯಸ್ಸು. ಚೆಟ್ಟಳ್ಳಿ ಕಡೆಯ ಕಾಫಿ ಎಸ್ಟೇಟಿನಲ್ಲಿ, ಕೂಲಿಯವರ ಲೈನ್‌ಮನೆಯಲ್ಲಿ ಬೆಳೆದವಳು. ಅವಳ ಅಮ್ಮ ಈಗಲೂ ಹಣ್ಣು ಕೀಳುವ ಪಿಕಿಂಗಿಗೆ ಹೋಗುತ್ತಾರೆ. ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ, ಮೊಬೈಲ್ ನೋಡಿಕೊಂಡು ಹಿಪ್‌ಹಾಪ್ ಕಲಿತಿದ್ದಳು.

"ಮಿಸ್, ನಂಗೆ ಮುದ್ರೆ ಹೇಳಿಕೊಡಿ. ನೆಲದ ಮೇಲೆ ಮಾಡೋದನ್ನ ನಾನು ನಿಮಗೆ ಹೇಳಿಕೊಡ್ತೀನಿ."

"ನೆಲಕ್ಕೆ ಕೂತರೆ ನಾನು ಏಳಲ್ಲ ಕಣೇ."

"ಎಬ್ಬಿಸೋಕೆ ನಾನಿದೀನಲ್ಲ."

ಊರಿನ ಮಹಿಳಾ ಸಂಘದವರು ವಾರ್ಷಿಕೋತ್ಸವಕ್ಕೆ ಒಂದು ನೃತ್ಯ ಕೇಳಿದ್ದರು. ಮರುಹುಟ್ಟು ಎಂಬ ವಸ್ತು ನನ್ನದೇ. ಬೀಜ, ಮೊಳಕೆ, ಕೊನೆಗೆ ಬೆರಳುಗಳಲ್ಲಿ ಅರಳುವ ಹೂವು. ಇಪ್ಪತ್ತು ವರ್ಷದಿಂದ ಮಾಡಿಸಿದ್ದನ್ನೇ ಮತ್ತೆ ಜೋಡಿಸಿದ್ದೆ. ಕೂತಲ್ಲೇ ಕೈಯಲ್ಲಿ ಮಾಡಿ ಅವಳಿಗೆ ತೋರಿಸಿದೆ.

"ಹುಟ್ಟೋದು ಇಷ್ಟು ಚೆಂದ ಇರಲ್ಲ ಮಿಸ್. ನಮ್ಮಕ್ಕ ಲೈನ್‌ಮನೇಲೇ ಹೆತ್ತಳು, ಆಸ್ಪತ್ರೆಗೆ ಕರ್ಕೊಂಡು ಹೋಗೋ ಜೀಪು ಬರೋದು ತಡ ಆಯ್ತು. ನಾನೇ ಹಿಡ್ಕೊಂಡಿದ್ದೆ. ಮಗು ನೀಲಿ ಆಗಿತ್ತು. ಅಳೋಕೆ ಎಷ್ಟೊತ್ತು ತಗೊಂತು ಗೊತ್ತಾ?"

ಅವತ್ತೇ ಹೂವನ್ನು ಬಿಟ್ಟೆವು; ಮಕ್ಕಳ ಬದಲು ನಾವಿಬ್ಬರೇ ಮಾಡುವುದೆಂದಾಯಿತು. ನಾನು ನೆಲದಲ್ಲಿ ಮುದುಡಿ ಮಲಗುವುದು, ಅವಳು ಮೈಯೆಲ್ಲ ಅದುರಿಸುತ್ತ ನನ್ನ ಸುತ್ತ ತಿರುಗುವುದು, ಕೊನೆಗೆ ಎಂಟು ಎಣಿಕೆಯಲ್ಲಿ ನಾನು ಏಳುವುದು. ಅವಳ ವಾರದ ರಜೆಯ ಮಧ್ಯಾಹ್ನ ಅಭ್ಯಾಸ. ಇಬ್ಬರೂ ದಣಿದಿರುತ್ತಿದ್ದೆವು. ನಡುವೆ ಅಲ್ಲೇ ನಿದ್ದೆ ಹೋದದ್ದೂ ಉಂಟು.

ಕಾರ್ಯಕ್ರಮದ ದಿನ, ಎಂಟು ಎಣಿಕೆ ಮುಗಿದರೂ ನನಗೆ ಏಳಲಾಗಲಿಲ್ಲ. ಎದ್ದು ಕೂರುವಷ್ಟರಲ್ಲಿ ಮಂಡಿ ಹಿಡಿದುಕೊಂಡಿತ್ತು. ಮೃದಂಗದವರು ನನ್ನ ಮುಖ ನೋಡಿ ಅದೇ ಎಣಿಕೆಯನ್ನು ಮತ್ತೆ ಮತ್ತೆ ನುಡಿಸಿದರು. ಅವಳು ಪಕ್ಕಕ್ಕೆ ಬಿದ್ದು, ಉರುಳಿ ಬಂದು, ನನ್ನ ಬೆನ್ನಿಗೆ ಬೆನ್ನು ಕೊಟ್ಟಳು.

"ಒರಗಿ ಮಿಸ್. ಭಾರ ಬಿಡಿ," ಎಂದಳು ಮೆಲ್ಲಗೆ.

ಬಿಟ್ಟೆ. ನಾಲ್ಕನೇ ಸುತ್ತಿಗೆ ಎದ್ದು ನಿಂತೆ. ನನಗೇ ಗೊತ್ತಿಲ್ಲದೆ ಅಳು ಬಂದಿತ್ತು.

ಚಪ್ಪಾಳೆ ಕಡಿಮೆಯೇ. ಭರತನಾಟ್ಯವೋ ಸರ್ಕಸ್ಸೋ ಎಂದವರೂ ಇದ್ದರು. ಆ ತಿಂಗಳು ಮೂವರು ಮಕ್ಕಳು ತರಗತಿ ಬಿಟ್ಟರು. ಕಾರ್ಯಕ್ರಮ ನೋಡಲು ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಅವಳ ಅಮ್ಮ ಮಾತ್ರ ಅವತ್ತು ವೇದಿಕೆಯ ಹಿಂದಕ್ಕೆ ಬಂದು, ನನ್ನ ಮಂಡಿಯ ಮೇಲೆ ಕೈಯಿಟ್ಟು, "ಜಾಸ್ತಿ ನೋವಾ ಅಮ್ಮ?" ಎಂದರು. ಹೌದು ಅಂದೆ. ಎರಡು ವರ್ಷದಲ್ಲಿ ಯಾರಿಗೂ ಹಾಗೆ ಹೇಳಿರಲಿಲ್ಲ.

ಮುಂದಿನ ವಾರ ಅವಳು ಮೆಟ್ಟಿಲು ಹತ್ತಿ ಬಂದು ಶೂ ಬಿಚ್ಚಿಟ್ಟಳು. ನನ್ನ ಮೈಯಲ್ಲಿ ಸುಸ್ತು ಹಾಗೇ ಇತ್ತು. ಇವತ್ತು ಬೇಡ ಅನ್ನಬೇಕೆಂದುಕೊಂಡವಳು, ಎದ್ದು ಚಾಪೆ ಹಾಸಿದೆ.